ಕಡಿಮೆ ತೂಕದ ಮಗು, ಶೀಟಿನ ಮನೆ: ನಿಮ್ಮ ಅನುಭವ ಹೇಳಿ

ಪ್ರಶ್ನೆ: ತಂಗಿಯ ಮಗು 36 ವಾರಕ್ಕೇ ಹುಟ್ಟಿತು, ತೂಕ 1.9 ಕೆಜಿ. ಈಗ ಒಂದೂವರೆ ತಿಂಗಳು, 2.5 ಕೆಜಿ ಆಗಿದೆ. ಒಂದೇ ಕೋಣೆಯ ಬಾಡಿಗೆ ಮನೆ, ನೀರು ಹೊರಗಿಂದ ಹೊತ್ತು ತರಬೇಕು. ಅವಳು ಬೇಗ ಕೆಲಸಕ್ಕೆ ಹೋಗಲೇಬೇಕು. ಅಕ್ಕಪಕ್ಕದವರು ‘ನಿನ್ನ ಹಾಲು ಸಾಲಲ್ಲ, ಡಬ್ಬದ ಹಾಲು ಕೊಡು’ ಅಂತಾರೆ. ಏನು ಮಾಡಲಿ?

ಅವಧಿಗೆ ಮುಂಚೆ ಹುಟ್ಟಿದ ಮಗುವಿನ ತಾಯಿ: ತೂಕ ಏರುತ್ತಿದೆ ಅಲ್ವಾ, ಹಾಗಾದರೆ ಹಾಲು ಸಾಲಲ್ಲ ಅನ್ನೋದು ಯಾವ ಲೆಕ್ಕ? ಹುಟ್ಟಿದ ಮೇಲೆ ಮಕ್ಕಳು ಮೊದಲು ಸ್ವಲ್ಪ ಇಳಿಯುತ್ತವೆ, ಇಂಥವು ಹುಟ್ಟಿದ ತೂಕಕ್ಕೆ ಮರಳಲು ಎರಡು ವಾರವೋ ಇನ್ನೂ ಜಾಸ್ತಿಯೋ ಹಿಡಿಯುತ್ತದೆ, ಅದನ್ನು ಕಳೆದರೆ ದಿನಕ್ಕೆ 20 ಗ್ರಾಂ ಹತ್ತಿರ ಬಂತು. ಇನ್ನೊಂದು ಮಾತು. ಪಕ್ಕದ ಮನೆಯ ಒಂದೂವರೆ ತಿಂಗಳ ಮಗುವಿನ ಜೊತೆ ಹೋಲಿಸಬೇಡಿ. ನಾಲ್ಕು ವಾರ ಮುಂಚೆ ಬಂದಿದೆ, ಅದನ್ನು ಕಳೆದೇ ವಯಸ್ಸು ಲೆಕ್ಕ ಹಾಕಬೇಕು. ಪ್ರತಿ ಸಲ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ. ಇಲ್ಲದಿದ್ದರೆ ಸುಮ್ನೆ ಗಾಬರಿ.

ಆರೋಗ್ಯ ಕಾರ್ಯಕರ್ತೆ: ಡಬ್ಬದ ಹಾಲು ವಿಷವೇನಲ್ಲ, ವೈದ್ಯರು ಹೇಳಿದರೆ ಕೊಡಲೇಬೇಕು. ಆದರೆ ಅದಕ್ಕೆ ಶುದ್ಧ ನೀರು, ಪ್ರತಿ ಸಲ ಕುದಿಸಿದ ಪಾತ್ರೆ ಬೇಕು. ದುಬಾರಿ ಅಂತ ಒಂದು ಚಮಚ ಪುಡಿ ಕಡಿಮೆ ಹಾಕಿ ನೀರು ಜಾಸ್ತಿ ಮಾಡುವ ಮನೆಗಳನ್ನು ನೋಡುತ್ತಲೇ ಇರುತ್ತೇನೆ, ಮಗುವಿಗೆ ಹೊಟ್ಟೆ ತುಂಬುತ್ತದೆ, ತೂಕ ಮಾತ್ರ ಏರುವುದಿಲ್ಲ, ಜೊತೆಗೆ ಬಾಟಲಿಯಿಂದ ಭೇದಿ. ದಿನಕ್ಕೆ ಆರೋ ಹೆಚ್ಚೋ ಸಲ ಬಟ್ಟೆ ಒದ್ದೆ ಮಾಡಿದರೆ, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಎರಡು ಮೂರು ಗಂಟೆಗೊಮ್ಮೆ ಕುಡಿಸಲಿ, ರಾತ್ರಿಯೂ. ಬೇಗ ಸುಸ್ತಾಗಿ ಬಾಯಿ ಬಿಟ್ಟರೆ ಹಾಲು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕೊಡಿ. ಕಬ್ಬಿಣಾಂಶದ, ವಿಟಮಿನ್ ಡಿ ಹನಿಗಳನ್ನು ಕೇಳಿ ಬರೆಸಿಕೊಳ್ಳಿ.

ಒಬ್ಬ ಅಪ್ಪ: ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಮೈಗೆ ಅಪ್ಪಿಕೊಂಡು ಬೆಚ್ಚಗಿಡೋದು, ಗಂಡಸರೂ ಮಾಡಬಹುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೆ ಶುರುವಾದದ್ದು, ಅಂದರೆ ಬಡವರ ಆಸ್ಪತ್ರೆಯಿಂದಲೇ ಬಂದದ್ದು. ಮಗುವನ್ನು ಬರಿ ಎದೆಗೆ ನೆಟ್ಟಗೆ ಒರಗಿಸಿಕೊಳ್ಳೋದು, ಮೂಗು ಬಾಯಿ ಮುಚ್ಚದಂತೆ ನೋಡೋದು, ಅಷ್ಟೇ. ಹೆಚ್ಚು ಹೊತ್ತು ಮಾಡಿದಷ್ಟೂ ಒಳ್ಳೆಯದು. ಶೀಟಿನ ಮನೆ ಮಧ್ಯಾಹ್ನ ಕಾದಿರುತ್ತದೆ, ಆಗ ಟೋಪಿ, ಕಂಬಳಿ ಸುತ್ತಬೇಡಿ. ನಮ್ಮಲ್ಲಿ ಹಿರಿಯರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು!

ಕೆಲಸಕ್ಕೆ ಮರಳಿದ ತಾಯಿ: ಎಲ್ಲರೂ ಹಾಲಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಹುಡುಗಿಗೆ ಕುಡಿಸಲು ಹೊತ್ತೆಲ್ಲಿದೆ? ನೀರು ತರೋದು, ಅಡುಗೆ, ಬಟ್ಟೆ ಎಲ್ಲ ಅವಳದ್ದೇ ಆದರೆ, ಕೊನೆಗೆ ಉಳಿದದ್ದನ್ನು ಅವಳು ಉಣ್ಣುವುದಾದರೆ, ನಮ್ಮ ಸಲಹೆಗಳೆಲ್ಲ ಗಾಳಿಗೆ. ಮನೆಯವರು ನೀರು, ಒಲೆ ನೋಡಿಕೊಳ್ಳಲಿ. ಅವಳಿಗೊಂದು ಊಟ ಜಾಸ್ತಿ ಇರಲಿ. ಕೆಲಸಕ್ಕೆ ಹೋಗುವ ಮುಂಚೆ ಹಿಂಡಿಟ್ಟ ಹಾಲು ಮುಚ್ಚಿದ ಶುಭ್ರ ಪಾತ್ರೆಯಲ್ಲಿ, ತಂಪಿದ್ದರೆ, 4 ಗಂಟೆ ಇರುತ್ತದೆ. ಬೇಸಿಗೆಯಲ್ಲಿ ಶೀಟಿನ ಕೆಳಗೆ ಅಷ್ಟು ನಂಬಬೇಡಿ. ಕೆಲಸದ ಜಾಗದಲ್ಲೂ ಹಿಂಡದಿದ್ದರೆ ಹಾಲು ಇಳಿಮುಖವಾಗುತ್ತದೆ. ಅರ್ಧ ದಿನದ ಕೆಲಸ ಸಿಗುವುದಾದರೆ, ಕೂಲಿ ಕಡಿಮೆಯಾದರೂ, ನಾನಾದರೆ ಅದನ್ನೇ ಹಿಡಿಯುತ್ತೇನೆ.

ಆರೋಗ್ಯ ಕಾರ್ಯಕರ್ತೆ: ಒಂದು ಬಿಟ್ಟುಹೋಯಿತು. ಹಾಲು ಕುಡಿಯಲು ಏಳದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60 ಅಥವಾ ಜಾಸ್ತಿ ಸಲ ಉಸಿರಾಡಿದರೆ, ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.