ಎಷ್ಟು ದಿನದ ಬಾಣಂತಿ ಸಾರ್?

ಗಿರಿ ತಾಜೀನ್ ಮಡಕೆ ತರಿಸ್ಕೊಂಡಿದ್ದಾನೆ, ಮೊರಾಕೋದವರ ಚೂಪು ಮುಚ್ಚಳದ ಮಣ್ಣಿನ ಪಾತ್ರೆ ಇರುತ್ತಲ್ಲ ಅದೇ, ಈಗ ಅದಕ್ಕೆ ಹಾಕೋ ಮಸಾಲೆ ಬೇಕಂತೆ, ರಾಸ್ ಎಲ್ ಹನೂತ್. ಪ್ಯಾಕೆಟ್ ರೇಟ್ ನೋಡಿ ಬಂದು ನಮ್ಮ ಮುಂದೆ ಗೋಳು.

‘ಸಾರಿನ ಪುಡಿ ಹಾಕೋ, ಮುಚ್ಚಳ ಮುಚ್ಚಿದ್ಮೇಲೆ ಯಾರಿಗೆ ಗೊತ್ತಾಗುತ್ತೆ’ ಅಂದ ನಾಗು.

ಸುಮಾಗೆ ರೇಗ್ತು. ‘ಲೋ, ಅದರಲ್ಲಿ ಖಾರ ಮುಂದೆ ಬರಬಾರ್ದು ಕಣೋ. ಬೇಳೆ ಇಲ್ಲ, ಇಂಗಿಲ್ಲ, ಕರಿಬೇವಿನ ಹೆಸರೇ ಎತ್ಬೇಡ. ಜೀರಿಗೆ ಎರಡು ಚಮಚ, ಒಣಶುಂಠಿ ಎರಡು, ಧನಿಯಾ, ಚಕ್ಕೆ, ಮೆಣಸು, ಅರಿಶಿನ ಒಂದೊಂದು, ಏಲಕ್ಕಿ ಜಾಕಾಯಿ ಅರ್ಧರ್ಧ, ನಾಲ್ಕು ಲವಂಗ. ಇಡೀ ಕಾಳುಗಳನ್ನ ಬೆಚ್ಚಗೆ ಮಾಡಿ ಪುಡಿ ಮಾಡು, ಸಾರಿನ ಪುಡಿಗೆ ಹುರಿದ ಹಾಗೆ ಕೆಂಪಗೆ ಮಾಡಿದ್ಯೋ ಹೋಯ್ತು.’

‘ಇಷ್ಟೇನಾ? ಒರಿಜಿನಲ್‌ನಲ್ಲಿ ಇಪ್ಪತ್ತು ಮೂವತ್ತು ಐಟಂ ಇರುತ್ತೆ ಅಂತಾರೆ?’

ಒರಿಜಿನಲ್ ಅಂತ ಒಂದು ಇದ್ರೆ ತಾನೇ! ಮೊರಾಕೋದ ಮರಾಕೆಶ್‌ನ ರಹ್ಬಾ ಕದೀಮಾ ಚೌಕದಲ್ಲಿ ಒಂದು ಅಂಗಡಿ ಪುಡಿ ಇದ್ದ ಹಾಗೆ ಪಕ್ಕದ ಅಂಗಡಿದು ಇರಲ್ಲ, ಒಬ್ಬ ಒಣಗಿದ ಗುಲಾಬಿ ಮೊಗ್ಗು ಹಾಕ್ತಾನೆ ಒಬ್ಬ ಲ್ಯಾವೆಂಡರ್ ಹಾಕ್ತಾನೆ ಇನ್ನೊಬ್ಬ ಹಿಪ್ಪಲಿ, ಜಾಪತ್ರೆ, ದುಂಪರಾಸ್ಮೆ ಎಲ್ಲಾ ಸುರೀತಾನೆ. ಹಿಂದೆ ಸ್ಪ್ಯಾನಿಷ್ ಫ್ಲೈ ಅಂತ ಹಸಿರು ಜೀರುಂಡೆ ಒಣಗಿಸಿ ಅದನ್ನೂ ಚೂರು ಸೇರಿಸ್ತಿದ್ರು, ವಿಷ ಅಂತ 1990ರ ದಶಕದಲ್ಲಿ ಮಾರಾಟ ಬ್ಯಾನ್ ಆಯ್ತು.

‘ಅದಕ್ಕೆ ಬದಲಿ ಏನು ಹಾಕ್ಬೇಕು?’ ಅಂತ ನಾಗು ತುಂಬಾ ಸೀರಿಯಸ್ಸಾಗಿ ಕೇಳಿದ. ಯಾರೂ ಉತ್ತರ ಕೊಡ್ಲಿಲ್ಲ.

ಗಿರಿ ಚೀಟಿ ಹಿಡ್ಕೊಂಡು ಗ್ರಂಧಿಗೆ ಅಂಗಡಿಗೆ ಹೋದ. ಒಣಶುಂಠಿ, ಹಿಪ್ಪಲಿ, ಜಾಕಾಯಿ, ಜಾಪತ್ರೆ, ದುಂಪರಾಸ್ಮೆ. ಅಂಗಡಿಯವರು ಚೀಟಿ ಓದಿ ಕನ್ನಡಕದ ಮೇಲಿಂದ ನೋಡಿ ‘ಎಷ್ಟು ದಿನದ ಬಾಣಂತಿ ಸಾರ್?’ ಅಂದ್ರಂತೆ. ಇವನಿಗಿನ್ನೂ ಮದುವೆನೇ ಆಗಿಲ್ಲ.

ನಾವೆಲ್ಲ ಬಿದ್ದು ಬಿದ್ದು ನಕ್ವಿ, ಆದ್ರೆ ಸುಮಾ ಹೇಳಿದ್ದು ಕೇಳಿ ನನಗೆ ನಿಜವಾಗ್ಲೂ ಆಶ್ಚರ್ಯ ಆಯ್ತು. ಮೊರಾಕೋದಲ್ಲಿ ರ್ಫೀಸಾ ಅಂತ ಒಂದು ಅಡುಗೆ, ಪದರ ಪದರ ರೊಟ್ಟಿ ಹರಿದು ಹಾಕಿ ಮೇಲೆ ಕೋಳಿ, ಮಸೂರ್ ಬೇಳೆ, ನೆನೆಸಿದ ಮೆಂತ್ಯ, ಜೊತೆಗೆ ಇದೇ ರಾಸ್ ಎಲ್ ಹನೂತ್, ಅದನ್ನ ಮಾಡಿ ಬಡಿಸೋದು ಹೊಸದಾಗಿ ಹೆತ್ತ ತಾಯಿಗೆ! ಅಂಗಡಿಯವರು ಕೇಳಿದ್ದು ಸರಿಯಾಗೇ ಇತ್ತು, ಗಿರಾಕಿನೇ ಸರಿ ಇರ್ಲಿಲ್ಲ.

‘ಗುಲಾಬಿ ಮೊಗ್ಗು ಸಿಗ್ಲಿಲ್ಲ, ಗುಲ್ಕನ್ ಇದೆ, ಹಾಕ್ಲಾ?’

‘ಹಾಕು, ಆಮೇಲೆ ಬೀಡಾ ಕಟ್ಟಿ ತಿನ್ನು.’

ಪ್ಯಾಪ್ರಿಕಾ ಅನ್ನೋ ಕೆಂಪು ಮೆಣಸಿನ ಪುಡಿ ಬದಲು ಬ್ಯಾಡಗಿ ಪುಡಿ ಅನ್ನೋದರಲ್ಲಿ ಮಾತ್ರ ಜಗಳ ಆಗ್ಲಿಲ್ಲ, ಬಣ್ಣ ಜಾಸ್ತಿ ಖಾರ ಕಮ್ಮಿ, ಬೀಜ ತೆಗೆದು ಪುಡಿ ಮಾಡಿದ್ರೆ ಇನ್ನೂ ಒಳ್ಳೇದು. ಹರಿಸ್ಸಾ ಅನ್ನೋ ಕೆಂಪು ಮೆಣಸಿನಕಾಯಿ ಚಟ್ನಿಗೂ ಬ್ಯಾಡಗಿ ಮೆಣಸಿನಕಾಯಿನೇ ನೆನೆಸಿ ಬೆಳ್ಳುಳ್ಳಿ, ಶಾಹಿ ಜೀರಿಗೆ, ಆಲಿವ್ ಎಣ್ಣೆ ಜೊತೆ ರುಬ್ಬಬಹುದು, ಆದ್ರೆ ಅದು ಟುನೀಷಿಯಾದವರ ಹೆಮ್ಮೆ, 2022ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ, ಮೊರಾಕೋದ್ದು ಅಂತ ಅವರ ಮುಂದೆ ಮಾತ್ರ ಹೇಳ್ಬೇಡಿ. ಕೇಸರಿ ಇಲ್ಲ ಅಂತ ಕೊರಗೋದೂ ಬೇಡ, ತಾಲಿವೀನ್‌ನಲ್ಲಿ ಅದನ್ನ ಬೆಳೆಯೋ ಮೊರಾಕೋದಲ್ಲೇ ದಿನಾ ಅಡುಗೆಗೆ ಹಳದಿ ಕಲರ್ ಪುಡಿ ಹಾಕೋರಿದ್ದಾರೆ, ನಾವು ಅರಿಶಿನ ಹಾಕಿದ್ರೆ ಯಾರು ಬೈತಾರೆ.

‘ಉಪ್ಪಲ್ಲಿ ಊರಿದ ನಿಂಬೆಹಣ್ಣು ಬೇಕಂತೆ’ ಅಂದ ಗಿರಿ.

‘ನಮ್ಮಜ್ಜಿ ಜ್ವರ ಬಂದೋರಿಗೆ ಗಂಜಿ ಜೊತೆ ಕೊಡ್ತಿದ್ರಲ್ಲ, ಮೆಣಸಿನಪುಡಿ ಹಾಕ್ದೆ ಇರೋ ನಿಂಬೆಕಾಯಿ, ಅದೇ. ತೊಳೆದು ಸಿಪ್ಪೆ ಮಾತ್ರ ಹೆಚ್ಚಿ ಹಾಕು.’

‘ಅಂದ್ರೆ ಬಾಣಂತಿ ಪುಡಿ, ಜ್ವರದ ಉಪ್ಪಿನಕಾಯಿ. ಇದನ್ನ ತಿನ್ನೋಕೆ ಜನ ಫ್ಲೈಟ್ ಹತ್ತಿ ಮರಾಕೆಶ್‌ಗೆ ಹೋಗ್ತಾರಾ?’ ನಾಗು ಗೊಣಗ್ದ.

ಈರುಳ್ಳಿ, ಕ್ಯಾರೆಟ್, ಕಾಬೂಲಿ ಕಡಲೆ, ಒಂದು ಹಿಡಿ ಒಣದ್ರಾಕ್ಷಿ, ಸಣ್ಣ ಉರಿ. ಒಂದು ಗಂಟೆ ಮುಚ್ಚಳ ಮುಟ್ಟಬಾರದು ಅಂತ ಸುಮಾ ಆರ್ಡರ್ ಮಾಡಿ ಆಚೆ ಬಂದ್ಲು. ಹತ್ತು ನಿಮಿಷ ಆಗಿರಬೇಕು, ಅಡುಗೆಮನೆಯಿಂದ ಚಟಪಟ ಸದ್ದು.

‘ನಾಗೂ, ಏನೋ ಅದು?’

‘ಏನಿಲ್ಲ ಕಣೆ, ಬರೀ ಸಾಸಿವೆ. ಇಂಗಿನ ಡಬ್ಬಿ ಎಲ್ಲಿಟ್ಟಿದ್ದೀರ?’