ಫರೋ ದ್ವೀಪಗಳಲ್ಲಿ ಯಾವ ಕೆಲಸ ಯಾರ ಕೈಲಿದೆ? ಗೊತ್ತಿದ್ದವರು ಹೇಳಿ

ನಮಸ್ಕಾರ. ನಾವು ಕೋಪನ್‌ಹೇಗನ್‌ನಲ್ಲಿದ್ದೇವೆ, ಭಾರತದ ಪಾಸ್‌ಪೋರ್ಟ್. ನಮ್ಮ ಯಜಮಾನರಿಗೆ ಫರೋ ದ್ವೀಪಗಳ ಟೋರ್ಸ್‌ಹಾವ್ನ್‌ನಲ್ಲಿ ಸಾಲ್ಮನ್ ಸಾಕುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಅದು ಡೆನ್ಮಾರ್ಕಿಗೇ ಸೇರಿದ್ದು ಅಂತಾರೆ, ಆದರೆ ಪ್ರಧಾನಿ, ಸಚಿವರು ಎಲ್ಲಾ ಬೇರೆಯಂತೆ. ಪರ್ಮಿಟ್, ತೆರಿಗೆ, ಮಗನ ಶಾಲೆ ಇದಕ್ಕೆಲ್ಲ ಯಾರನ್ನು ಕೇಳಬೇಕು?

---

ಅಕ್ಕ, ನಾನು ಅಲ್ಲೇ ಕೆಲಸ ಮಾಡಿದವನು. ಮೊದಲು ಪರ್ಮಿಟ್ ನೋಡಿಕೊಳ್ಳಿ. ನಿಮ್ಮ ಡೆನ್ಮಾರ್ಕಿನ ಪರ್ಮಿಟ್ ಅಲ್ಲಿ ನಡೆಯಲ್ಲ. ಡೆನ್ಮಾರ್ಕ್ 1973ರಲ್ಲಿ ಯುರೋಪಿನ ಒಕ್ಕೂಟ ಸೇರಿದಾಗ ಫರೋದವರು ಹೊರಗೇ ಉಳಿದರು, ಷೆಂಗೆನ್‌ನಲ್ಲೂ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಇಲ್ಲ. ಸುಮ್ನೆ ನೋಡಿಬರಲು ಹೋಗುವವರ ವೀಸಾದಲ್ಲೂ ‘ಫರೋ ದ್ವೀಪಗಳಿಗೆ ಮಾನ್ಯ’ ಎಂಬ ಸಾಲು ಇರಬೇಕು. ಕೆಲಸಕ್ಕೆ ಫರೋಗೆಂದೇ ಪ್ರತ್ಯೇಕ ಪರ್ಮಿಟ್ ಬೇಕು, ಅದನ್ನು ಕೊಡುವುದು ಮಾತ್ರ ಡೆನ್ಮಾರ್ಕಿನ ಕಚೇರಿಯೇ. ಪೊಲೀಸ್, ನ್ಯಾಯಾಲಯವೂ ಡೆನ್ಮಾರ್ಕಿನದು.

ತೆರಿಗೆ ಪೂರ್ತಿ ಅಲ್ಲಿನದು. ಟಾಕ್ಸ್ ಅನ್ನುವ ಇಲಾಖೆ ಅಲ್ಲಿನ ಹಣಕಾಸು ಸಚಿವರ ಕೆಳಗೆ ಬರುತ್ತದೆ. ಶಾಲೆಯೂ ಅಲ್ಲಿನದೇ. ಪಾಠ ಫರೋ ಭಾಷೆಯಲ್ಲಿ, ಡ್ಯಾನಿಷ್ ಶುರುವಾಗುವುದು ಮೂರನೇ ತರಗತಿಯಿಂದ. ಮಗನಿಗೆ ಈಗಲೇ ಫರೋ ಭಾಷೆಯ ನಾಲ್ಕು ಮಾತು ಕಲಿಸಲು ಶುರು ಮಾಡಿ.

---

ಮೇಲಿನವರು ಹೇಳಿದ್ದು ಸರಿ. ಯಾಕೆ ಹೀಗೆ ಹಂಚಿಹೋಗಿದೆ ಅಂತ ತಿಳಿದರೆ ನಿಮಗೆ ಓಡಾಟ ಕಡಿಮೆಯಾಗುತ್ತದೆ. 1946ರಲ್ಲಿ ಅಲ್ಲಿ ಜನಮತ ನಡೆದು, ಸ್ವಾತಂತ್ರ್ಯದ ಪರ ಕೂದಲೆಳೆಯ ಅಂತರದಲ್ಲಿ ಜಾಸ್ತಿ ಮತ ಬಿತ್ತು. ಡೆನ್ಮಾರ್ಕಿನ ರಾಜ ಅಲ್ಲಿನ ಸಂಸತ್ತನ್ನೇ ವಿಸರ್ಜಿಸಿದರು. ಆಮೇಲೆ ಮಾತುಕತೆಯಾಗಿ 1948ರಲ್ಲಿ ಸ್ವಯಮಾಡಳಿತ ಬಂತು. 2005ರ ಕಾನೂನಿನ ಪ್ರಕಾರ ಪೌರತ್ವ, ಸುಪ್ರೀಂ ಕೋರ್ಟ್, ರಕ್ಷಣೆ, ವಿದೇಶಾಂಗ ನೀತಿ, ಕರೆನ್ಸಿಯಂಥ ಕೆಲವನ್ನು ಬಿಟ್ಟು ಉಳಿದದ್ದನ್ನು ಅವರು ತಮಗೆ ಬೇಕಾದಾಗ ವಹಿಸಿಕೊಳ್ಳಬಹುದು. ಪೊಲೀಸ್ ಇಲಾಖೆಯನ್ನೂ ಕೇಳಬಹುದು, ಇನ್ನೂ ಕೇಳಿಲ್ಲ. ವಹಿಸಿಕೊಂಡರೆ ಅದರ ಖರ್ಚೂ ಅವರದೇ ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಸಚಿವರ ಹೊಣೆ. ಸಂಸತ್ತು ಲೋಗ್ಟಿಂಗ್, ಅದರಲ್ಲಿ 33 ಸದಸ್ಯರು. ಅವರಲ್ಲಿ ಒಬ್ಬರು ಸಚಿವರಾದರೆ ಸದನದ ಸ್ಥಾನ ಬಿಡಬೇಕು, ಅಲ್ಲಿಗೆ ಅದೇ ಪಕ್ಷದ ಬದಲಿ ಸದಸ್ಯರು ಬಂದು ಕೂರುತ್ತಾರೆ. ಖಾತೆಗೆ ಅದರ ಸಚಿವರೊಬ್ಬರೇ ಹೊಣೆ. ಸದನದ 17 ಮಂದಿ ಅವಿಶ್ವಾಸ ಸೂಚಿಸಿದರೆ ಆ ಸಚಿವರೊಬ್ಬರು ಮನೆಗೆ ಹೋಗಬೇಕು, ಸರ್ಕಾರ ಬೀಳಬೇಕಿಲ್ಲ. ಪ್ರಧಾನಿ (ಲೋಗ್ಮಾವುರ್) ಕೂಡ ಸಚಿವರನ್ನು ತೆಗೆಯಬಹುದು. 2022ರ ನವೆಂಬರ್‌ನಲ್ಲಿ ಪ್ರಧಾನಿ ಬಾರ್ದುರ್ ನೀಲ್ಸನ್ ತಮ್ಮ ವಿದೇಶಾಂಗ ಸಚಿವ ಯೆನಿಸ್ ಆವ್ ರಾನಾ ಅವರನ್ನು ತೆಗೆದರು. ರಾನಾ ಅವರ ಪಕ್ಷ ಹೊರನಡೆಯಿತು, ಬಹುಮತ ಹೋಯಿತು, ಡಿಸೆಂಬರ್ 8ಕ್ಕೆ ಚುನಾವಣೆಯೇ ಆಯಿತು!

ಹಾಗಾಗಿ ಏನೇ ಕೇಳುವುದಿದ್ದರೂ ಪ್ರಧಾನಿ ಕಚೇರಿಗೆ ಬರೆಯುತ್ತಾ ಕೂರಬೇಡಿ. ಆಯಾ ಸಚಿವಾಲಯಕ್ಕೇ ನೇರವಾಗಿ ಬರೆಯಿರಿ.

---

ಒಂದು ಮಾತು ಸೇರಿಸುತ್ತೇನೆ. ಹೊಸ ಸರ್ಕಾರ ಬಂದಾಗ ಖಾತೆಗಳನ್ನು ಕೂಡಿಸುವುದು, ಒಡೆಯುವುದು ಅಲ್ಲಿ ಮಾಮೂಲು. ಹಳೆಯ ಪಟ್ಟಿ ನಂಬಬೇಡಿ. ಆದರೆ ಮೀನುಗಾರಿಕೆ ಖಾತೆಯ ತೂಕ ಯಾವತ್ತೂ ಕಡಿಮೆಯಾಗಲ್ಲ, ಯಾಕೆಂದರೆ ಆ ದೇಶದ ರಫ್ತೆಂದರೆ ಬಹುಪಾಲು ಮೀನೇ.

ಮನೆ ಬಾಡಿಗೆಗೆ ಮುಂಗಡ ಕೊಡುವ ಮುಂಚೆ ಮಗನ ಪರ್ಮಿಟ್ಟೂ ಕೈಗೆ ಬಂದಿದೆಯಾ ನೋಡಿಕೊಳ್ಳಿ ಮೇಡಂ. ಯಜಮಾನರದ್ದೊಂದೇ ಬಂದರೆ ಸಾಲದು.