ಎಲ್-ನೇಮ್ ಹಾಕಿದರೂ ರೋಮಕೋಶಗಳಲ್ಲಿ ಡಿಎಎಫ್-2 ಹೊಳಪು ಏರುವುದೇಕೆ?

ಪ್ರಶ್ನೆ

4 ದಿನದ ಇಲಿಮರಿಯ ಕಾಕ್ಲಿಯಾದಿಂದ (ಒಳಕಿವಿಯ ಸುರುಳಿ) ಬಿಡಿಸಿದ ಕಾರ್ಟಿಯ ಅಂಗಕ್ಕೆ (ಶಬ್ದ ಗ್ರಹಿಸುವ ರೋಮಕೋಶಗಳಿರುವ ಭಾಗ) 5 ಮೈಕ್ರೋಮೋಲಾರ್ ಡಿಎಎಫ್-2 ಡಿಎ (ನೈಟ್ರಿಕ್ ಆಕ್ಸೈಡ್ ಇದ್ದರೆ ಹೊಳೆಯುವ ಡಿಎಎಫ್-2 ಬಣ್ಣದ, ಕೋಶದೊಳಗೆ ಹೋಗಬಲ್ಲ ರೂಪ) ಹಾಕಿ, 30 ನಿಮಿಷ ಕತ್ತಲಲ್ಲಿಟ್ಟು, ತೊಳೆದು, 488 ನ್ಯಾನೋಮೀಟರ್ ಲೇಸರ್‌ನಲ್ಲಿ 5 ಸೆಕೆಂಡಿಗೊಮ್ಮೆ ಚಿತ್ರ ತೆಗೆಯುತ್ತಿದ್ದೇನೆ. ರೋಮಕೋಶಗಳ ಹೊಳಪು ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಕೋಶಗಳನ್ನಿಡುವ ಮಾಧ್ಯಮವಾದ ಡಿಎಂಇಎಂಗೆ 100 ಮೈಕ್ರೋಮೋಲಾರ್ ಎಲ್-ನೇಮ್ (ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ತಡೆಯುವ ವಸ್ತು) ಸೇರಿಸಿದರೂ ವ್ಯತ್ಯಾಸವಿಲ್ಲ. ಇದು ನಿಜಕ್ಕೂ ನೈಟ್ರಿಕ್ ಆಕ್ಸೈಡೇ? ಕ್ಯಾಲ್ಸಿಯಂ ತೆಗೆದು ನೋಡಿದರೆ ಗೊತ್ತಾದೀತೇ?

ಉತ್ತರ 1

ಇಳಿಯದಿರುವುದು ಸಹಜ. ಡಿಎಎಫ್-2 ವರ್ತಿಸುವುದು ನೈಟ್ರಿಕ್ ಆಕ್ಸೈಡ್ ಆಮ್ಲಜನಕದೊಡನೆ ಕೂಡಿ ಆಗುವ ಡೈನೈಟ್ರೋಜನ್ ಟ್ರೈಆಕ್ಸೈಡ್ ಜೊತೆ. ಆಗ ಹುಟ್ಟುವ ಟ್ರೈಅಜೋಲ್ ಮತ್ತೆ ಹಿಂದಿನ ರೂಪಕ್ಕೆ ಬರುವುದಿಲ್ಲ. ಹಾಗಾಗಿ ಹೊಳಪಿನ ಮಟ್ಟ ಬಿಡಿ, ಏರುವ ವೇಗ ಅಳೆಯಿರಿ.

ಎಲ್-ನೇಮ್ ಸೋಲುತ್ತಿರುವುದಕ್ಕೆ ನನ್ನ ಮೊದಲ ಅನುಮಾನ ಮಾಧ್ಯಮದ ಮೇಲೆ. ಡಿಎಂಇಎಂನಲ್ಲಿ ಸುಮಾರು 0.4 ಮಿಲಿಮೋಲಾರ್ ಆರ್ಜಿನಿನ್ (ಆ ಕಿಣ್ವದ ಕಚ್ಚಾವಸ್ತುವಾದ ಅಮೈನೋ ಆಮ್ಲ) ಇದೆ. ಕಿಣ್ವದ ಒಂದೇ ಜಾಗಕ್ಕಾಗಿ ಎರಡೂ ಪೈಪೋಟಿ ನಡೆಸುತ್ತವೆ. ಅಲ್ಲದೆ ಎಸ್ಟರ್ ಕಳಚಿದ ಮೇಲೆಯೇ ಎಲ್-ನೇಮ್ ಚೆನ್ನಾಗಿ ತಡೆಯುತ್ತದೆ, ಅದಕ್ಕೆ ಸಮಯ ಬೇಕು. ಅಮೈನೋ ಆಮ್ಲ, ಫೀನಾಲ್ ರೆಡ್ ಎರಡೂ ಇಲ್ಲದ ಹ್ಯಾಂಕ್ಸ್ ದ್ರಾವಣಕ್ಕೆ ಬದಲಿಸಿ. 500 ಮೈಕ್ರೋಮೋಲಾರ್ ಎಲ್-ನೇಮ್ ಅನ್ನು 45 ನಿಮಿಷ ಮೊದಲೇ ಕೊಟ್ಟು, ಬಣ್ಣ ತುಂಬುವಾಗಲೂ ಚಿತ್ರ ತೆಗೆಯುವಾಗಲೂ ಇರಿಸಿ. ಹೋಲಿಕೆಗಾಗಿ ಪಕ್ಕದ ತಟ್ಟೆಗೆ ಅಷ್ಟೇ ಡಿ-ನೇಮ್ (ಕಿಣ್ವವನ್ನು ಅಷ್ಟಾಗಿ ತಡೆಯದ ಕನ್ನಡಿ ರೂಪ).

ಪ್ರಶ್ನೆ ಕೇಳಿದವರು

ಧನ್ಯವಾದ. ಜೊತೆಗೆ ಸಿಪಿಟಿಐಒ ಹಾಕಿ ನೈಟ್ರಿಕ್ ಆಕ್ಸೈಡನ್ನು ಹೀರಿಸಿ ನೋಡಲೇ?

ಉತ್ತರ 2

ಅದೊಂದನ್ನೇ ನಂಬಬೇಡಿ. ಸಿಪಿಟಿಐಒ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ; ಉಳಿದ ನೈಟ್ರಿಕ್ ಆಕ್ಸೈಡ್ ಅದರೊಡನೆ ಸೇರಿದರೆ ಮತ್ತೆ ಟ್ರೈಆಕ್ಸೈಡೇ. ಕೆಲವು ಪ್ರಮಾಣಗಳಲ್ಲಿ ಹೊಳಪು ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಮೊದಲು ಬೆಳಕನ್ನು ಪರೀಕ್ಷಿಸಿ. ಲೇಸರ್ ಶಕ್ತಿ ಹಾಗೇ ಇಟ್ಟು 30 ಸೆಕೆಂಡಿಗೊಂದು ಚಿತ್ರ ತೆಗೆಯಿರಿ. ಏರುವ ವೇಗ ತಗ್ಗಿದರೆ ನೀವು ನೋಡುತ್ತಿರುವುದು ಬಹುಪಾಲು ಬೆಳಕಿನ ಪರಿಣಾಮ. ಇದೇ ಬಗೆಯ ಇನ್ನೊಂದು ಬಣ್ಣ ಡಿಎಎಫ್-ಎಫ್ಎಂ ಬೆಳಕಿಗೆ ಹೆಚ್ಚು ತಾಳುತ್ತದೆ. ಮಾಧ್ಯಮದಲ್ಲಿ ಆಸ್ಕಾರ್ಬಿಕ್ ಆಮ್ಲ ಇರಬಾರದು, ಅದರ ಉತ್ಕರ್ಷಿತ ರೂಪವೂ ಡಿಎಎಫ್ ಜೊತೆ ವರ್ತಿಸಿ ಹೊಳೆಯುತ್ತದೆ.

ಉತ್ತರ 3

ಕ್ಯಾಲ್ಸಿಯಂ ತೆಗೆಯುವ ಯೋಚನೆ ಇಲ್ಲಿ ಬೇಡ. ನರದ ಮತ್ತು ರಕ್ತನಾಳದ ನೈಟ್ರಿಕ್ ಆಕ್ಸೈಡ್ ಸಿಂಥೇಸ್‌ಗಳಿಗೆ ಕ್ಯಾಲ್ಸಿಯಂ-ಕ್ಯಾಲ್ಮೊಡ್ಯುಲಿನ್ ಬೇಕೆನ್ನುವುದು ನಿಜ. ಆದರೆ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಅಥವಾ ಬಾಪ್ಟಾ ಬಿದ್ದರೆ ರೋಮಗಳ ತುದಿಕೊಂಡಿಗಳೇ (ಒಂದು ರೋಮದ ತುದಿಯನ್ನು ಪಕ್ಕದ ರೋಮಕ್ಕೆ ಕಟ್ಟುವ ಎಳೆಗಳು) ಮುರಿಯುತ್ತವೆ. ಹೊಳಪು ಇಳಿದರೂ ಕಿಣ್ವ ನಿಂತಿತೋ ಕೋಶದ ಸ್ಥಿತಿಯೇ ಬದಲಾಯಿತೋ ಹೇಳಲಾಗದು.

ಬದಲಿಗೆ ನೈಟ್ರಿಕ್ ಆಕ್ಸೈಡ್ ಬಿಡುವ ಡಿಇಎ ನೋನೋಏಟ್ ಕೊಟ್ಟು ಬಣ್ಣ ಸ್ಪಂದಿಸುತ್ತದೆಯೇ ನೋಡಿ. ಸಂಗ್ರಹ ದ್ರಾವಣ 10 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿರಲಿ, ಪಿಎಚ್ 7.4ರಲ್ಲಿ ಅದರ ಅರ್ಧಾಯು 37 ಡಿಗ್ರಿಗೆ 2 ನಿಮಿಷ, 22 ಡಿಗ್ರಿಗೆ 16 ನಿಮಿಷ. ರಾತ್ರಿಯಿಡೀ ಕೊಳೆಯಲು ಬಿಟ್ಟ ಅದೇ ದ್ರಾವಣ ನಿಯಂತ್ರಣಕ್ಕೆ. ಸಂಕೇತ ಮುಂದಕ್ಕೆ ಹೋಗುತ್ತಿದೆಯೇ ಎಂಬುದಕ್ಕೆ ಸಿಜಿಎಂಪಿ (ಗ್ವಾನೈಲೇಟ್ ಸೈಕ್ಲೇಸ್ ಕಿಣ್ವ ತಯಾರಿಸುವ ಸಂಕೇತವಾಹಕ) ಅಳೆಯಬೇಕು: ಅದು ಒಡೆಯದಂತೆ ತಡೆಯುವ ಐಬಿಎಂಎಕ್ಸ್ ಇಟ್ಟುಕೊಂಡು, 10 ಮೈಕ್ರೋಮೋಲಾರ್ ಓಡಿಕ್ಯೂ ಇದ್ದೂ ಇಲ್ಲದೆಯೂ. ಓಡಿಕ್ಯೂ ತಡೆಯುವುದು ಗ್ವಾನೈಲೇಟ್ ಸೈಕ್ಲೇಸನ್ನು, ಆದ್ದರಿಂದ ಡಿಎಎಫ್ ಹೊಳಪು ಅದರಿಂದ ಇಳಿಯಲೆಂದು ಕಾಯಬೇಡಿ.